ಮೂರನೆಯ ಹಸಿರು ಚುಕ್ಕಿ

ಮಲ್ಬರಿ ಬೀದಿ, ಸಾಂತಾ ಅದೇಲಾ
ನವೆಂಬರ್ 12, 2018

ಹ್ಯಾರಿಯೆಟ್,

ಹೆಸರಿನ ಮುಂದೆ ‘ಪ್ರಿಯ’ ಎಂದು ಬರೆಯಲು ಕೂತೆ, ಕೈ ಬರಲಿಲ್ಲ. ಆದ್ದರಿಂದ ಬರೀ ಹೆಸರು.

ಸೆಪ್ಟೆಂಬರಿನಿಂದ ತಿಂಗಳಿಗೊಮ್ಮೆ ನಾವಿಬ್ಬರೂ ನಗರದ ಹಣಕಾಸು ಸಲಹಾ ಆಯೋಗದ ಮೇಜಿನ ಹಿಂದೆ ಅಕ್ಕಪಕ್ಕ ಕೂರುತ್ತಿದ್ದೇವೆ. ನೀನು ನೀರಿನ ಜಗ್ಗನ್ನು ನನ್ನ ಕಡೆ ತಳ್ಳುತ್ತೀಯ, ನಾನು ವಾಪಸು ತಳ್ಳುತ್ತೇನೆ. ಮಾತು ಬಿಟ್ಟ ಈ ಮೂರು ವರ್ಷದಲ್ಲಿ ನಮ್ಮಿಬ್ಬರ ನಡುವೆ ನಡೆದ ವ್ಯವಹಾರ ಅಷ್ಟೇ. ಒಂದೇ ಹೈಸ್ಕೂಲಿನಲ್ಲಿ ನೀನು ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದೆ, ನಾನು ಅಷ್ಟೇ ವರ್ಷ ಅಡುಗೆಮನೆ ನಡೆಸಿದೆ. ನನ್ನ ಸೂಪು ಕುಡಿಯದೆ ನೀನು ಮಧ್ಯಾಹ್ನದ ತರಗತಿಗೆ ಹೋದ ದಿನವಿರಲಿಲ್ಲ. ಈಗ ನೋಡು ನಮ್ಮ ಅವಸ್ಥೆ.

ರಾಜಿಗಾಗಿ ಬರೆಯುತ್ತಿಲ್ಲ, ಕೆಲಸಕ್ಕಾಗಿ ಬರೆಯುತ್ತಿದ್ದೇನೆ. ಸೇರಿದ ದಿನ ನಗರಸಭೆಯ ಕಾರ್ಯದರ್ಶಿ ಲೊರೇನ್ ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದಳು. "ನೀವು ಐದು ಜನ. ಇಬ್ಬರು ಹೊರಗೆ ಮಾತಾಡ್ಕೊಂಡ್ರೆ ಪರವಾಗಿಲ್ಲ. ಮೂರನೆಯವರ ಕಿವಿಗೆ ಬಿತ್ತೋ, ಅದು ಬಹುಮತ. ಅಂದ್ರೆ ಜನರ ಬೆನ್ನ ಹಿಂದೆ ನಡೆಸಿದ ಸಭೆ. ಕಾನೂನು ಸುಮ್ನಿರಲ್ಲ ನೋಡಿ." ಆ ಪಾಠದ ಹಾಳೆಯ ಕೆಳಗೆ ನಿನ್ನ ಹೆಸರಿತ್ತು, ಬರೆದವಳು ನೀನೇ. ಹಾಗಾಗಿ ಇದು ನಿನಗೊಬ್ಬಳಿಗೇ.

ಜನವರಿಯಲ್ಲಿ ವರ್ಷದ ಆದ್ಯತೆಗಳನ್ನು ಆರಿಸುತ್ತೇವೆ. ಹಣಕಾಸು ನಿರ್ದೇಶಕ ಪ್ರೂಯಿಟ್ ಗೋಡೆಗೆ ದೊಡ್ಡ ಹಾಳೆ ಅಂಟಿಸುತ್ತಾನೆ, ಬೇಕಾದ ಸಾಲುಗಳಿಗೆ ಹಚ್ಚಲು ನಮಗೆ ತಲಾ ಐದು ಹಸಿರು ಅಂಟುಚುಕ್ಕಿ ಕೊಡುತ್ತಾನೆ. ಮೂರು ಚುಕ್ಕಿ ಬಿದ್ದ ಸಾಲು ನಗರಸಭೆಗೆ ಹೋಗುತ್ತದೆ. ಆ ಹಾಳೆಯಲ್ಲಿ ನನಗೆ ಒಂದು ಸಾಲು ಬೇಕು: ರೈಲು ಹಳಿಯ ಪೂರ್ವಕ್ಕಿರುವ ಎರಡನೇ ಅಗ್ನಿಶಾಮಕ ಠಾಣೆಯನ್ನು ಮತ್ತೆ ತೆರೆಯುವುದು.

ಆ ಠಾಣೆ ನನ್ನ ಮನೆಯಿಂದ ಎರಡು ಬೀದಿ. ಈಗ ಅದರಲ್ಲಿ ನಗರದ ಕ್ರಿಸ್‌ಮಸ್ ದೀಪದ ಸರಗಳೂ ಪ್ಲಾಸ್ಟಿಕ್ ಹಿಮಸಾರಂಗಗಳೂ ಇವೆ. ಮುಚ್ಚಿ ಮೂರು ತಿಂಗಳಿಗೆ, ಮೂರು ವರ್ಷದ ಹಿಂದಿನ ಅಕ್ಟೋಬರಿನ ಮಧ್ಯಾಹ್ನ ಎರಡು ನಲವತ್ತಕ್ಕೆ, ನನ್ನ ಗಂಡ ಆನ್ಸೆಲ್ಮೋ ಹಿತ್ತಲಲ್ಲಿ ಕುಸಿದ. ಕುಸಿದವರಿಗೂ ಮೊದಲು ಓಡಿಬರುವವರು ಅಗ್ನಿಶಾಮಕದವರೇ, ಪಶ್ಚಿಮದ ಠಾಣೆಯಿಂದ ಬಂದ ಅವರ ಗಾಡಿ ರೈಲ್ವೆ ಗೇಟಿನ ಆಚೆ ಹತ್ತೊಂಬತ್ತು ನಿಮಿಷ ನಿಂತಿತ್ತು, ಗೂಡ್ಸ್ ರೈಲು ಹಳಿಯ ಮೇಲೇ ನಿಂತುಬಿಟ್ಟಿತ್ತು. ವ್ಯಾಗನ್ನುಗಳ ಸಂದಿಯಲ್ಲಿ ಅದರ ಕೆಂಪು ಬಣ್ಣ ನನಗೆ ಕಾಣುತ್ತಿತ್ತು. ಠಾಣೆ ಮುಚ್ಚುವ ಶಿಫಾರಸಿನ ಕೆಳಗೆ ಯಾರ ಸಹಿ ಇತ್ತು ಎಂದು ನಾನು ನಿನಗೆ ಹೇಳಬೇಕಾಗಿಲ್ಲ.

ನಿನ್ನ ಒಂದು ಚುಕ್ಕಿ ನನಗೆ ಸಲ್ಲಬೇಕು. ಕೇಳುತ್ತಿಲ್ಲ, ವಸೂಲಿ ಮಾಡುತ್ತಿದ್ದೇನೆ.

ಡೆಲ್ಫಿನಾ ಬೆಟನ್‌ಕೋರ್ಟ್


ಆರನೇ ಬೀದಿ, ಪಶ್ಚಿಮ
ನವೆಂಬರ್ 20, 2018

ಡೆಲ್ಫಿನಾ,

ನಿನ್ನ ಪತ್ರ ತಲುಪಿತು. ನಾಲ್ಕು ಬೀದಿ ಮತ್ತು ಒಂದು ರೈಲು ಹಳಿ ದಾಟಲು ಅಂಚೆಗೆ ಮೂರು ದಿನ ಬೇಕಾಯಿತು.

ವಿಷಯಕ್ಕೆ ಬರುತ್ತೇನೆ. ಪ್ರೂಯಿಟ್ ಮುದ್ರಿಸಿದ ಪಟ್ಟಿಯಲ್ಲಿ ಇಲ್ಲದ್ದನ್ನು ಸೇರಿಸಬೇಕಾದರೆ ಡಿಸೆಂಬರ್ ಸಭೆಯಲ್ಲಿ ಒಬ್ಬ ಸದಸ್ಯರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ‘ಮತ್ತೆ ತೆರೆಯುವುದು’ ಎಂದು ಬರೆದರೆ ಅದು ನಮ್ಮ ವ್ಯಾಪ್ತಿ ಅಲ್ಲ ಎಂದು ತಳ್ಳಿಹಾಕುತ್ತಾರೆ. ‘ಮತ್ತೆ ತೆರೆಯಲು ಬೇಕಾದ ಹಣದ ಮೂಲಗಳ ಪರಿಶೀಲನೆ’ ಎಂದು ಬರೆ. ರೈಲ್ವೆ ಗೇಟು ದಿನಕ್ಕೆ ಎಷ್ಟು ಹೊತ್ತು ಮುಚ್ಚಿರುತ್ತದೆ ಎಂಬ ಅಂಕಿ ಇಟ್ಟುಕೊಂಡು ಹೋಗು. ಹೊಸ ಅಂಕಿ. ಹಳೆಯದನ್ನು ನಂಬಬೇಡ.

ಸಹಿಯ ಮಾತು ಎತ್ತಿದ್ದೀಯ. ಸಹಿ ನನ್ನದೇ. ಆ ವರ್ಷ ನಾನು ಅಧ್ಯಕ್ಷೆ, ಯಾವ ಸಾಲಿಗೆ ಮೂರು ಚುಕ್ಕಿ ಬಿದ್ದರೂ ಅಧ್ಯಕ್ಷರೇ ಸಹಿ ಹಾಕಬೇಕು. ಅದಕ್ಕಿಂತ ಹೆಚ್ಚು ನೀನು ಯಾವತ್ತೂ ಕೇಳಲಿಲ್ಲ. ನಾನೂ ಹೇಳುವುದಿಲ್ಲ.

ಹ್ಯಾರಿಯೆಟ್ ಲಿಂಡ್‌ಕ್ವಿಸ್ಟ್


ಮಲ್ಬರಿ ಬೀದಿ
ಡಿಸೆಂಬರ್ 5, 2018

ಹ್ಯಾರಿಯೆಟ್,

ನಿನ್ನೆ ನಾನು ಸೂಚಿಸಿದಾಗ ಮೇಜಿನ ಸುತ್ತ ಎಲ್ಲರೂ ತಮ್ಮ ತಮ್ಮ ಪೆನ್ನು ನೋಡಿಕೊಂಡರು. ಪ್ರೂಯಿಟ್ ಆಗಲೇ ಮುಂದಿನ ಪುಟ ತಿರುಗಿಸುತ್ತಿದ್ದ. ಆಗ ನೀನು "ನನ್ನ ಅನುಮೋದನೆ ಇದೆ" ಎಂದೆ, ಗೋಡೆ ನೋಡಿಕೊಂಡು, ನನ್ನ ಕಡೆ ತಿರುಗದೆ. ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು, ಅನ್ನಿಸಿದ್ದಕ್ಕೇ ಸಿಟ್ಟು ಬಂತು.

ಕರುಣೆಯಿಂದ ಮಾಡಿದ್ದರೆ ವಾಪಸು ತಗೊ. ತಪ್ಪೊಪ್ಪಿಗೆ ಆಗಿದ್ದರೆ ಬಾಯಿಬಿಟ್ಟು ಹೇಳು. ಆ ವರ್ಷ ನಿಮ್ಮ ಆಯೋಗದಲ್ಲಿದ್ದ ಆನ್ಸೆಲ್ಮೋ ಚುಕ್ಕಿಗಳ ದಿನ ಮನೆಗೆ ಬಂದು ಊಟ ಮುಟ್ಟಲಿಲ್ಲ. ಏನಾಯ್ತು ಎಂದರೆ "ಹ್ಯಾರಿಯೆಟ್ ಸಹಿ ಹಾಕಿದ್ಲು" ಎಂದಷ್ಟೇ ಹೇಳಿ ಹಿತ್ತಲಿಗೆ ಹೋದ. ಒಬ್ಬನೇ ಎಷ್ಟು ಹೋರಾಡಿದ್ದನೋ ನಿಮ್ಮ ನಡುವೆ. ಈಗ ಅವನು ಕೂತಿದ್ದ ಕುರ್ಚಿಯಲ್ಲೇ ಕೂತಿದ್ದೇನೆ. ಅದರ ಒಂದು ಕಾಲು ಅಲ್ಲಾಡುತ್ತದೆ. ಸರಿ ಮಾಡಿಸಲು ಬಿಡುವುದಿಲ್ಲ, ಪ್ರೂಯಿಟ್ ಮಾತಾಡುವಾಗ ಬೇಕೆಂದೇ ಕಟಕಟ ಅನ್ನಿಸುತ್ತೇನೆ.

ಗೇಟಿನ ಅಂಕಿ ನಾನೇ ತೆಗೆಯುತ್ತಿದ್ದೇನೆ. ಮಡಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ, ನೋಟ್‌ಬುಕ್. ಗುರುವಾರ ಒಂದೇ ದಿನ ಹನ್ನೊಂದು ಸಲ ಮುಚ್ಚಿತು, ಉದ್ದದ್ದು ಇಪ್ಪತ್ನಾಲ್ಕು ನಿಮಿಷ. ಲಾರಿಯವನೊಬ್ಬ ಇಳಿದು ಬಂದು "ಅಜ್ಜೀ, ರೈಲಿಗೆ ಕಾಯ್ತಿದೀರಾ?" ಅಂದ. "ರೈಲು ಬಂದಾಯ್ತು ಕಣಪ್ಪ, ಹೋಗೋದಕ್ಕೆ ಕಾಯ್ತಿದೀನಿ" ಅಂದೆ.

ಎರಡು ಚುಕ್ಕಿ ಆಯಿತು, ನನ್ನದೊಂದು, ನಿನ್ನದೊಂದು. ಮೂರನೆಯದು ಎಲ್ಲಿಂದ?

ಡೆಲ್ಫಿನಾ


ಆರನೇ ಬೀದಿ, ಪಶ್ಚಿಮ
ಡಿಸೆಂಬರ್ 13, 2018

ಡೆಲ್ಫಿನಾ,

ಕರುಣೆ ಅಲ್ಲ. ತಪ್ಪೊಪ್ಪಿಗೆಯೂ ಅಲ್ಲ. ನಿನ್ನ ಸಾಲು ಸರಿಯಾಗಿದೆ, ಅನುಮೋದಿಸಿದೆ.

ಇಪ್ಪತ್ನಾಲ್ಕು ನಿಮಿಷದ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ತಾ. ಚಳಿಯಲ್ಲಿ ಕೂರುವಾಗ ಕಿವಿಗೆ ಏನಾದರೂ ಕಟ್ಟಿಕೋ, ನಿನ್ನ ಎಡಗಿವಿ ಮೊದಲಿನಿಂದಲೂ ದುರ್ಬಲ.

ಮೂರನೆಯದರ ಚಿಂತೆ ನನಗೆ ಬಿಡು.

ಹ್ಯಾರಿಯೆಟ್


ಮಲ್ಬರಿ ಬೀದಿ
ಜನವರಿ 13, 2019

ಹ್ಯಾರಿಯೆಟ್,

ನಿನಗೆ ಫ್ಲೂ ಎಂದು ಲೊರೇನ್ ಹೇಳಿದಳು. ಜ್ವರ ಇಳಿದಿದ್ದರೆ ಓದು, ಇಳಿಯದಿದ್ದರೂ ಓದು.

ನಿನ್ನೆ ಶನಿವಾರ ಚುಕ್ಕಿ ಹಚ್ಚುವ ದಿನ. ಗೋಡೆಯ ಮೇಲೆ ಹಾಳೆ, ಹದಿನಾಲ್ಕು ಸಾಲು, ನನ್ನದು ಹದಿನಾಲ್ಕನೆಯದು, ಮುದ್ರಿಸಿರಲಿಲ್ಲ, ಕೈಬರಹ. ನಾನು ನೋಟ್‌ಬುಕ್ ತೆಗೆದು ಗೇಟಿನ ಲೆಕ್ಕ ಓದಿದೆ. ಪ್ರೂಯಿಟ್ ನಯವಾಗಿ "ಮೇಡಂ, ಇದು ಸ್ವಲ್ಪ ಭಾವನಾತ್ಮಕವಾಯ್ತಲ್ವಾ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಅಧ್ಯಕ್ಷ ಕ್ಲೈಡ್ ಅವಕಿಯನ್ ಮಧ್ಯೆ ಬಂದ. ಒಣದ್ರಾಕ್ಷಿ ವ್ಯಾಪಾರಿ, ಗಂಟಲು ದೊಡ್ಡದು, ಮನಸ್ಸಿನಲ್ಲಿ ಏನೂ ನಿಲ್ಲುವುದಿಲ್ಲ, ನಿನಗೇ ಗೊತ್ತಲ್ಲ.

"ಭಾವನೆ ಗೀವನೆ ಏನಿಲ್ಲ ಪ್ರೂಯಿಟ್. ವ್ಯಾಗನ್ ಸಂದಿಯಿಂದ ಕೆಂಪು ಗಾಡಿ ಕಾಣ್ತಿತ್ತು ಅಂತ ಡೆಲ್ಫಿನಾ ಕಾಗದದಲ್ಲಿ ಬರ್ದಿದಾಳೆ. ಓದಿದ ಮೇಲೆ ನಂಗೆ ಎರಡು ದಿನ ಊಟ ಸೇರ್ಲಿಲ್ಲ."

ಲೊರೇನ್ ಪೆನ್ನು ಕೆಳಗಿಟ್ಟಳು. "ಯಾವ ಕಾಗದ, ಕ್ಲೈಡ್?"

"ಹ್ಯಾರಿಯೆಟ್ ತೋರಿಸಿದ್ಲು. ಡೋನಟ್ ಅಂಗಡೀಲಿ. ಯಾಕೆ?"

ಒಂಬತ್ತು ವರ್ಷ ಆಯೋಗದಲ್ಲಿ ಕೂತು ಎಲ್ಲರಿಗೂ ಪಾಠ ಹೇಳಿದವಳು ನೀನು! ಆ ಹಾಳೆಯನ್ನು ಬರೆದವಳು! ಮೂರನೆಯವನ ಕಿವಿಗೆ ಹಾಕಿದೆ, ಅದೂ ಊರೆಲ್ಲ ಕೂರುವ ಡೋನಟ್ ಅಂಗಡಿಯಲ್ಲಿ. ನನ್ನ ಸಾಲು ಗೆಲ್ಲಲಿ ಎಂದೇ ಮಾಡಿದೆ, ಅದು ನನಗೆ ಅರ್ಥವಾಗುತ್ತದೆ. ಆದರೂ ತಲೆ ಚಚ್ಚಿಕೊಳ್ಳುವಂತಾಯಿತು.

ಮತದಾನ ನಿಂತಿತು. ನಗರದ ವಕೀಲರು ಎರಡು ದಾರಿ ಹೇಳಿದ್ದಾರೆ. ಒಂದು, ನನ್ನ ಸಾಲನ್ನು ಈ ವರ್ಷ ಕೈಬಿಡುವುದು. ಎರಡು, ಇಪ್ಪತ್ತೊಂಬತ್ತರ ವಿಶೇಷ ಸಭೆಯಲ್ಲಿ ನಮ್ಮಿಬ್ಬರ ನಡುವೆ ಈ ವಿಷಯಕ್ಕೆ ನಡೆದ ಎಲ್ಲ ಪತ್ರಗಳನ್ನೂ ಜನರ ಮುಂದೆ ಓದಿ, ದಾಖಲೆಗೆ ಸೇರಿಸಿ, ಆಮೇಲೆ ಹೊಸದಾಗಿ ಚುಕ್ಕಿ ಹಚ್ಚುವುದು. ಪ್ರೂಯಿಟ್ ನನ್ನನ್ನು ಕಾಫಿ ಯಂತ್ರದ ಹತ್ತಿರ ನಿಲ್ಲಿಸಿಕೊಂಡು ಪಿಸುಗುಟ್ಟಿದ: "ಮೊದಲನೇದು ಮರ್ಯಾದೆಯ ದಾರಿ, ಮೇಡಂ. ಮನೆ ಮಾತು ಯಾಕೆ ಬೀದಿಗೆ? ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷ ಯಾರ ಮನೇಲಿ ಯಾರು ಕುಸೀತಾರೋ ನಿಮ್ಮ ಪಟ್ಟೀಲಿ ಬರ್ದಿದ್ಯಾ?" ಎಂದೆ. ಕಾಫಿ ಹಿಡಿದುಕೊಂಡು ಹೋದ.

ನಾನು ಓದುತ್ತೇನೆ. ನಿನ್ನನ್ನು ಬೈದದ್ದನ್ನೂ ಓದುತ್ತೇನೆ, ಚುಕ್ಕಿ ವಸೂಲಿ ಮಾಡಿದ್ದನ್ನೂ ಓದುತ್ತೇನೆ. ನನ್ನ ಪತ್ರಗಳು ನಿನ್ನ ಹತ್ತಿರ ಇವೆ, ಲೊರೇನ್‌ಗೆ ತಲುಪಿಸು.

ಡೆಲ್ಫಿನಾ


ಆರನೇ ಬೀದಿ, ಪಶ್ಚಿಮ
ಜನವರಿ 18, 2019

ಡೆಲ್ಫಿನಾ,

ಪತ್ರಗಳನ್ನು ಲೊರೇನ್‌ಗೆ ಕೊಟ್ಟಿದ್ದೇನೆ. ತಪ್ಪು ನನ್ನದೊಬ್ಬಳದೇ ಎಂದು ಬರೆದೂ ಕೊಟ್ಟಿದ್ದೇನೆ. ಕ್ಲೈಡ್ ‘ಪೂರ್ವದ ಕಡೆಯವರು ಸುಮ್ಮನೆ ಗೊಣಗುತ್ತಾರೆ’ ಎಂದ, ನನಗೆ ತಡೆಯಲಾಗಲಿಲ್ಲ, ಚೀಲದಿಂದ ನಿನ್ನ ಪತ್ರ ತೆಗೆದು ಅವನ ಮುಂದಿಟ್ಟೆ. ಇಟ್ಟ ಮೇಲೆ ಕಾನೂನು ನೆನಪಾಯಿತು. ನನ್ನ ವಿದ್ಯಾರ್ಥಿಗಳು ಇದನ್ನು ಕೇಳಿದರೆ ಖುಷಿಪಡುತ್ತಾರೆ.

ಆದರೆ ಓದಬೇಡ. ಈ ವರ್ಷ ಸಾಲನ್ನು ಕೈಬಿಡು. ಮುಂದಿನ ಜನವರಿಗೆ ನಾನೇ ಸೂಚಿಸುತ್ತೇನೆ, ಮಾತು ಕೊಡುತ್ತೇನೆ. ಯಾಕೆ ಎಂಬುದು ಜೊತೆಗಿರುವ ಬೇರೆ ಹಾಳೆಯಲ್ಲಿದೆ. ಅದು ಈ ವರ್ಷದ ಸಾಲಿಗೆ ಸಂಬಂಧಿಸಿದ್ದಲ್ಲ, ಲೊರೇನ್‌ಗೆ ಕೊಡಲೇಬೇಕೆಂದಿಲ್ಲ. ಓದಿ ಒಲೆಗೆ ಹಾಕು.

ಹ್ಯಾರಿಯೆಟ್


(ಬೇರೆ ಹಾಳೆ)

ನೀನು ಆ ಪತ್ರವನ್ನು ಓದಿದರೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಠಾಣೆ ಮುಚ್ಚುವ ಸಾಲಿಗೆ ಆ ವರ್ಷ ಯಾರು ಯಾರು ಚುಕ್ಕಿ ಹಚ್ಚಿದ್ದರು? ದಾಖಲೆಯಲ್ಲಿ ಮೂರು ಎಂದಷ್ಟೇ ಇದೆ. ಚುಕ್ಕಿಗಳೆಲ್ಲ ಒಂದೇ ಹಸಿರು, ಹೆಸರಿಲ್ಲ. ಆದರೆ ಗೋಡೆಯ ಹತ್ತಿರ ನಿಂತಿದ್ದವಳು ನಾನು.

ಒಂದು ಕ್ಲೈಡ್‌ನದು. ಇನ್ನೊಂದು ಆಮೇಲೆ ಊರು ಬಿಟ್ಟು ಹೋದ ಸ್ಯಾಂಡೋವಲ್‌ನದು. ಮೂರನೆಯದು ನನ್ನದಲ್ಲ, ಡೆಲ್ಫಿನಾ. ಆನ್ಸೆಲ್ಮೋನದು.

ಉಳಿದ ಹಣದಲ್ಲಿ ಪೂರ್ವಕ್ಕೆ ಹೊಸ ನೀರಿನ ಕೊಳವೆ ಎಂದು ಪ್ರೂಯಿಟ್ ಹೇಳಿದ್ದ. ಗೇಟಿನ ಗತಿ ಏನು ಎಂದು ನಾನು ಕೇಳಿದೆ. ಆನ್ಸೆಲ್ಮೋ ನಕ್ಕುಬಿಟ್ಟ. "ಮೂವತ್ತೊಂದು ವರ್ಷ ರೈಲ್ವೇಲಿ ಆ ಗೇಟಿನ ಸಿಗ್ನಲ್ ನೋಡ್ಕೊಂಡವನು ನಾನು, ಹ್ಯಾರಿಯೆಟ್. ಆರು ನಿಮಿಷದ ಮೇಲೆ ಅದು ಯಾವತ್ತೂ ಮುಚ್ಚಿಲ್ಲ." ರೈಲುಗಳು ಆಗಲೇ ಎರಡರಷ್ಟು ಉದ್ದವಾಗಿದ್ದವು. ಅವನು ನಿವೃತ್ತನಾಗಿ ಏಳು ವರ್ಷವಾಗಿತ್ತು. ಅವನ ಮಾತಿನ ಮೇಲೆ ಅವನೇ ಚುಕ್ಕಿ ಹಚ್ಚಿದ.

ವಾರ ಬಿಟ್ಟು ನನ್ನ ಅಡುಗೆಮನೆಗೆ ಬಂದ. ಚುಕ್ಕಿ ಹಚ್ಚಿದ ದಿನ ಮನೆಗೆ ಹೋಗುವಾಗಲೇ ಗೇಟಿನ ಹತ್ತಿರ ಗಡಿಯಾರ ಹಿಡಿದು ನಿಂತಿದ್ದನಂತೆ. "ತಪ್ಪು ಮಾಡ್ಬಿಟ್ಟೆ. ಮುಂದಿನ ಜನವರೀಲಿ ನಾನೇ ವಾಪಸು ತರಿಸ್ತೀನಿ. ಅಲ್ಲೀ ತನಕ ಡೆಲ್ಫಿನಾಗೆ ಹೇಳ್ಬೇಡ" ಎಂದ. ಏಲಕ್ಕಿ ಬನ್ನು ಕೊಟ್ಟೆ, ತಿನ್ನಲಿಲ್ಲ. ಆ ಜನವರಿ ಅವನಿಗೆ ಬರಲಿಲ್ಲ.

ನೀನು ನನ್ನನ್ನು ದ್ವೇಷಿಸಿದೆ. ಅವನನ್ನು ದ್ವೇಷಿಸುವುದಕ್ಕಿಂತ ಅದು ನಿನಗೆ ಸುಲಭ ಎಂದು ಸುಮ್ಮನಿದ್ದೆ. ಸುಲಭ ನನಗಿರಲಿಲ್ಲ.


ಮಲ್ಬರಿ ಬೀದಿ
ಜನವರಿ 30, 2019

ಪ್ರಿಯ ಹ್ಯಾರಿಯೆಟ್,

ನಿನ್ನ ಹಾಳೆ ಬಂದ ದಿನ ನಾನು ಹಿತ್ತಲಿಗೆ ಹೋಗಿ ಆನ್ಸೆಲ್ಮೋನನ್ನು ಬಾಯಿಗೆ ಬಂದಂತೆ ಬೈದೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಆಮೇಲೆ ನಿನ್ನನ್ನು ಬೈದೆ. ನನ್ನ ಗಂಡನ ಗುಟ್ಟನ್ನು ಮೂರು ವರ್ಷ ಹೊತ್ತುಕೊಂಡು ಓಡಾಡಲು ನಿನಗೆ ಹೇಳಿದವರು ಯಾರು? ಅವನು ಹೇಳಿದ, ನಿಜ. ಆದರೂ ಬೈದೆ. ಶವಸಂಸ್ಕಾರದ ದಿನ ನೀನು ಬನ್ನಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ನಾನು ಡಬ್ಬಿ ಕಿತ್ತುಕೊಂಡು ಬಾಗಿಲು ಹಾಕಿದೆ. ಅವತ್ತೂ ನೀನು ಏನೂ ಹೇಳದೆ ಹೊರಟುಹೋದೆ. ಅದನ್ನು ನೆನೆದು ಅತ್ತೆ, ಬೈಗುಳಕ್ಕಿಂತ ಹೆಚ್ಚು ಹೊತ್ತು.

ಒಲೆಗೆ ಹಾಕು ಎಂದಿದ್ದೆ. ನಾನು ಒಲೆಯ ಮುಂದೆ ನಿಂತೆ ಕೂಡ. ಅದನ್ನು ಸುಟ್ಟಿದ್ದರೆ ನನಗೂ ಪ್ರೂಯಿಟ್‌ಗೂ ಏನು ವ್ಯತ್ಯಾಸ? ಮನೆ ಮಾತು ಮನೆಯಲ್ಲಿರಲಿ ಎಂದೇ ಅವನೂ ಹೇಳಿದ್ದು.

ನಿನ್ನೆ ನಾನು ಆ ಹಾಳೆ ಕೈಗೆತ್ತಿಕೊಂಡಾಗ ನೀನು ಎದ್ದು ಹೊರಗೆ ಹೋದೆ. ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆಯಂತೆ. ಒಳಗೆ ಏನಾಯಿತು ಎಂದು ನಿನಗೆ ಯಾರೂ ಸರಿಯಾಗಿ ಹೇಳಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಆ ಕೋಣೆಯಲ್ಲಿ ಕುರ್ಚಿ ಸಾಲಲಿಲ್ಲ, ಪೂರ್ವದ ಕಡೆಯವರೆಲ್ಲ ಬಂದಿದ್ದರು. ‘ಮೂರನೆಯದು ಆನ್ಸೆಲ್ಮೋನದು’ ಎಂಬಲ್ಲಿ ನನ್ನ ಧ್ವನಿ ನಿಂತಿತು. ಪ್ರೂಯಿಟ್ ಎದ್ದು "ಮೇಡಂ, ಇದು ದಾಖಲೆಗೆ ಬೇಕಾಗಿಲ್ಲ, ಇಲ್ಲಿಗೆ ನಿಲ್ಲಿಸಬಹುದು" ಎಂದ. ಪಾಪ, ಅವನು ನಿಜವಾಗಿಯೂ ಮರುಗಿಯೇ ಹೇಳಿದ. ಅದರಿಂದ ನನಗೆ ಇನ್ನೂ ಸಿಟ್ಟು ಬಂತು.

"ಕೂತ್ಕೊಳ್ಳಿ" ಎಂದೆ. "ನನ್ನ ಗಂಡ ತಪ್ಪು ಮಾಡ್ದ. ಒಳ್ಳೇ ಮನುಷ್ಯ, ತಪ್ಪು ಮಾಡ್ದ. ಆ ಚುಕ್ಕಿ ಮೇಲೆ ಹೆಸರಿದ್ದಿದ್ರೆ ಅವತ್ತು ರಾತ್ರೀನೇ ನಾನು ಅವನ ಜುಟ್ಟು ಹಿಡ್ಕೊಂಡು ಗೇಟಿಗೆ ಕರ್ಕೊಂಡು ಹೋಗ್ತಿದ್ದೆ. ಎಲ್ರ ಚುಕ್ಕೀನೂ ಒಂದೇ ಬಣ್ಣ, ಯಾರ್ದೂ ಯಾರಿಗೂ ಗೊತ್ತಾಗಲ್ಲ, ಎಷ್ಟು ಅನುಕೂಲ! ಆ ಅನುಕೂಲದಲ್ಲೇ ನನ್ನ ಗೆಳತಿ ಮೂರು ವರ್ಷ ಅಪವಾದ ಹೊತ್ಲು. ಇವತ್ತು ನಾನು ಹೆಸರು ಬರ್ದೇ ಹಚ್ಚೋದು. ಬೇಡ ಅನ್ನೋರು ಕಾನೂನು ತೋರಿಸಿ."

ಲೊರೇನ್ ಪುಸ್ತಕ ತಿರುಗಿಸಿ ನೋಡಿದಳು. ಹೆಸರು ಬರೆಯಬಾರದು ಎಂದು ಎಲ್ಲೂ ಇಲ್ಲ ಎಂದಳು.

ಉಳಿದದ್ದನ್ನು ಓದಿ ಮುಗಿಸಿದೆ. ಬನ್ನು ತಿನ್ನಲಿಲ್ಲ ಎಂಬಲ್ಲಿಯವರೆಗೆ, ‘ಸುಲಭ ನನಗಿರಲಿಲ್ಲ’ ಎಂಬಲ್ಲಿಯವರೆಗೆ. ಕ್ಲೈಡ್ ಎದ್ದ, ಆ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ. "ಅವತ್ತಿನ ಒಂದು ಚುಕ್ಕಿ ನಂದು" ಎಂದ. "ಪೂರ್ವದಲ್ಲಿ ನನ್ನ ಮನೆ ಇರ್ಲಿಲ್ಲ, ಯೋಚನೆ ಮಾಡ್ಲಿಲ್ಲ. ಅಷ್ಟೇ." ನಾನು ಹೆಸರು ಬರೆದು ಹಚ್ಚಿದ ಚುಕ್ಕಿಯ ಪಕ್ಕ ತನ್ನದನ್ನು ಹಚ್ಚಿದ, ಪೂರ್ತಿ ಹೆಸರು ಬರೆಯಲು ಹೋಗಿ ಜಾಗ ಸಾಲದೆ ಹಾಳೆಯ ಮೇಲೂ ಬರೆದ. ಉಳಿದ ಇಬ್ಬರು ತಮ್ಮ ಹೆಸರಿನ ಚುಕ್ಕಿಗಳನ್ನು ನೀರಿನ ಮೀಟರಿನ ಸಾಲಿಗೆ ಹಚ್ಚಿದರು. ಹಚ್ಚಲಿ, ಹೆಸರಾದರೂ ಹಾಕಿದರು.

ಎರಡಕ್ಕೇ ನಿಂತಿತು. ಲೊರೇನ್ ಕಾರಿಡಾರಿಗೆ ಬಂದು ನಿನ್ನನ್ನು ಕರೆದಳು. ಮುಂದಿನದು ನಿನಗೆ ಗೊತ್ತು. ನೀನು ಒಳಗೆ ಬಂದು, ಯಾರನ್ನೂ ನೋಡದೆ, ಗಣಿತದ ಟೀಚರ ಅಚ್ಚುಕಟ್ಟಾದ ಅಕ್ಷರದಲ್ಲಿ ಹೆಸರು ಬರೆದು, ಹದಿನಾಲ್ಕನೇ ಸಾಲಿಗೆ ಮೂರನೆಯ ಚುಕ್ಕಿ ಹಚ್ಚಿ, ಕೋಟು ಎತ್ತಿಕೊಂಡು ಹೊರಟುಹೋದೆ. ಹಿಂದೆ ಜನ ಎದ್ದು ನಿಂತದ್ದನ್ನು ನೀನು ನೋಡಲಿಲ್ಲ. ಎದ್ದು ನಿಂತಿದ್ದರು, ಹ್ಯಾರಿಯೆಟ್. ನಾನಂತೂ ಮೊದಲೇ ನಿಂತಿದ್ದೆ.

ಪ್ರೂಯಿಟ್ ಹೇಳುವುದನ್ನು ಹೇಳಿದ: ನಾವು ಬರೀ ಸಲಹೆ ಕೊಡುವವರು, ಜೂನ್‌ನಲ್ಲಿ ನಗರಸಭೆ ಬೇಡ ಎನ್ನಬಹುದು. ಎನ್ನಲಿ. ಎಲ್ಲರ ಎದುರು, ಅವರವರ ಹೆಸರಿನಲ್ಲಿ ಎನ್ನಬೇಕು. ಅಲ್ಲಿಯವರೆಗೆ ನಾನು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಬರೆಯುತ್ತಲೇ ಇರುತ್ತೇನೆ. ಇವತ್ತು ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಮುಚ್ಚಿತು, ಹದಿನೇಳು ನಿಮಿಷ.

ನಿನ್ನ ಡಬ್ಬಿ ಮೂರು ವರ್ಷದಿಂದ ನನ್ನ ಕಪಾಟಿನಲ್ಲಿದೆ. ಭಾನುವಾರ ಬಂದು ತಗೊಂಡು ಹೋಗು, ಕೇಲ್ ಸೊಪ್ಪಿನ ಸೂಪು ಮಾಡಿರುತ್ತೇನೆ. ಇನ್ನು ಕಾಗದ ಬರೆಯಬೇಡ, ಇಬ್ಬರು ಮಾತಾಡಿದರೆ ತಪ್ಪಿಲ್ಲ ಎಂದು ನೀನೇ ಬರೆದಿದ್ದೀಯ. ಕ್ಲೈಡ್‌ನನ್ನು ಮಾತ್ರ ಕರೆದುಕೊಂಡು ಬರಬೇಡ, ಮತ್ತೆ ಎಲ್ಲವನ್ನೂ ಓದಬೇಕಾಗುತ್ತದೆ.

ಗೇಟು ಮುಚ್ಚಿದ್ದರೆ ಹಿಂದಿರುಗಿ ಹೋಗಬೇಡ. ಎಷ್ಟು ಹೊತ್ತಾದರೂ ಈಚೆ ಬದಿಯಲ್ಲಿ ನಾನು ನಿಂತಿರುತ್ತೇನೆ.

ನಿನ್ನ
ಡೆಲ್ಫಿನಾ